ಅಮ್ಮನಿಗೆ ಮಾತನಾಡುವ ಗಿಳಿ ಬೇಕಂತೆ, ಯಾವುದನ್ನು ತರಲಿ?

ಗುಬ್ಬಿಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಗುಬ್ಬಿ ಗೇಟಿನಲ್ಲಿ ಕುಳಿತು ಗಿಳಿಯ ವಿಷಯ ಕೇಳುತ್ತಿದ್ದೇನೆ, ನಗಬೇಡಿ.

ತಂದೆಯವರು ಹೋಗಿ ವರ್ಷವಾಯಿತು. ನಾನು, ನನ್ನ ಹೆಂಡತಿ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಮಗಳು ನಾಲ್ಕನೇ ತರಗತಿ, ನಾಲ್ಕೂವರೆಗೆ ಬರುತ್ತಾಳೆ. ಅಷ್ಟು ಹೊತ್ತೂ ಅಮ್ಮ ಒಬ್ಬರೇ. ಟಿವಿ ಹಾಕಿಕೊಳ್ಳಿ ಎಂದರೆ "ಅದು ಹೇಳಿದ್ದನ್ನು ನಾನು ಕೇಳಬೇಕು, ನಾನು ಹೇಳಿದ್ದನ್ನು ಅದು ಕೇಳುತ್ತದೆಯೇ?" ಎನ್ನುತ್ತಾರೆ. ಅವರ ತವರು ಶಿರಾ ಕಡೆ. ಚಿಕ್ಕಂದಿನಲ್ಲಿ ಅವರ ಮನೆಯ ಜಗುಲಿಯಲ್ಲಿ ಒಂದು ಹಸಿರು ಗಿಳಿ ಇತ್ತಂತೆ. ಯಾರು ಬಂದರೂ "ನೆಂಟರು ಬಂದರು, ಮಣೆ ಹಾಕು" ಎನ್ನುತ್ತಿತ್ತಂತೆ. ಅಂಥದೇ ಬೇಕು ಎಂದು ಹಟ ಹಿಡಿದಿದ್ದಾರೆ.

ಪರಿಚಯದವರೊಬ್ಬರು ಎಂಟು ನೂರು ರೂಪಾಯಿಗೆ ಹಸಿರು ಗಿಳಿಯ ಮರಿ ತಂದುಕೊಡುತ್ತೇನೆ ಎಂದಿದ್ದಾರೆ. ಅಂಗಡಿಯಲ್ಲಿ ನೀಲಿ, ಹಳದಿ, ಬಿಳಿ ಬಣ್ಣದ ಚಿಕ್ಕ ಗಿಳಿಗಳೂ ಇವೆ. ನಮ್ಮದು ಎರಡು ಕೋಣೆಯ ಮನೆ, ಮೇಲಿನ ತಾರಸಿ ನಮಗೇ ಸೇರಿದ್ದು. ಹಕ್ಕಿ ಸಾಕಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ತಿಪಟೂರು ತೋಟದವನು

ಆ ಎಂಟು ನೂರು ಜೇಬಿನಲ್ಲೇ ಇರಲಿ ಸ್ವಾಮಿ. ಹಸಿರು ಗಿಳಿಯ ಮರಿ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು, ನಮ್ಮಂಥವರ ತೋಟದಿಂದ ಬರುತ್ತದೆ. ಸುಳಿ ಸತ್ತು ಬೋಳಾಗಿ ನಿಂತ ತೆಂಗಿನ ಮರಕ್ಕೆ ಮರಕುಟುಕ ತೂತು ಕೊರೆದಿರುತ್ತದೆ. ಅದು ಬಿಟ್ಟುಹೋದ ಪೊಟರೆಯನ್ನು ಗಿಳಿ ಇನ್ನಷ್ಟು ಅಗಲ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಚಳಿ ಮುಗಿದು ಬಿಸಿಲೇರುವ ಈ ತಿಂಗಳುಗಳಲ್ಲಿ ಏಣಿ ಹಾಕಿ, ಪೊಟರೆಗೆ ಕೈ ತೂರಿಸಿ, ಸರಿಯಾಗಿ ಪುಕ್ಕ ಬಾರದ ಮರಿಗಳನ್ನೂ ಬಾಚಿಕೊಂಡು ಹೋಗುತ್ತಾರೆ. ಕಳೆದ ವರ್ಷ ನಮ್ಮ ಬೇಲಿಯ ಪಕ್ಕದಲ್ಲಿ ಒಂದು ರಟ್ಟಿನ ಡಬ್ಬ ಬಿದ್ದಿತ್ತು. ಒಳಗೆ ಆರು ಮರಿ, ನಾಲ್ಕು ಸತ್ತಿದ್ದವು. ಉಳಿದೆರಡನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು.

ಗಿಳಿ ನಮ್ಮ ಜೋಳ ತಿನ್ನುತ್ತದೆ, ಸೀಬೆಕಾಯಿಯನ್ನು ಒಂದೊಂದು ಸಲ ಕಚ್ಚಿ ಕೆಳಗೆ ಕೆಡವುತ್ತದೆ. ನನಗೆ ಅದರ ಮೇಲೆ ಪ್ರೀತಿಯೇನೂ ಉಕ್ಕಿ ಹರಿಯುವುದಿಲ್ಲ. ಆದರೂ ಆ ಡಬ್ಬ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಕೋಲಾರದ ಮೇಷ್ಟ್ರು

ಎಂಟು ನೂರಕ್ಕೆ ಮರಿಯ ಜೊತೆ ಮೊಕದ್ದಮೆಯೂ ಉಚಿತ. ಕೊರಳಿಗೆ ಗುಲಾಬಿ ಪಟ್ಟಿ ಇರುವ ಮಾಮೂಲಿ ಗಿಳಿ, ಹೆಗಲ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿ, ನೇರಳೆಗೆಂಪು ತಲೆಯ ಗಿಳಿ, ನಮ್ಮ ನೆಲದ ಈ ಗಿಳಿಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಮಾಮೂಲಿ ಗಿಳಿಯೂ ಎರಡನೇ ಅನುಸೂಚಿಯಲ್ಲಿದೆ. ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಪಂಜರದಲ್ಲಿ ಇಟ್ಟುಕೊಳ್ಳುವಂತಿಲ್ಲ. "ಜಾತ್ರೆಯಲ್ಲಿ ಗಿಳಿಶಾಸ್ತ್ರ ಹೇಳುವವರ ಹತ್ತಿರ ಇದೆಯಲ್ಲ" ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದೂ ಅಪರಾಧವೇ.

ಅಮ್ಮನವರಿಗೆ ಕಾಯ್ದೆ ಓದಿ ಹೇಳಬೇಡಿ, ಕೇಳಲಾರರು. ತಿಪಟೂರಿನವರ ಡಬ್ಬದ ಕಥೆ ಹೇಳಿ.

ಗುಬ್ಬಿಗೇಟ್ ನಿವಾಸಿ

ಹೇಳಿದೆ. ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು, ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ "ನಮ್ಮದನ್ನೂ ಹಾಗೆಯೇ ತಂದಿದ್ದರೇನೋ" ಎಂದರು. ಹಸಿರು ಗಿಳಿಯ ಮಾತು ಅಲ್ಲಿಗೆ ಮುಗಿಯಿತು.

ಈಗ ಅಂಗಡಿಯವು. "ಲವ್ ಬರ್ಡ್ಸ್ ಜೋಡಿ ತೆಗೆದುಕೊಂಡು ಹೋಗಿ ಸರ್" ಎಂದು ಒಬ್ಬರು, "ಕಾಕಟೀಲ್ ತೆಗೆದುಕೊಳ್ಳಿ, ಶಿಳ್ಳೆ ಹೊಡೆಯುತ್ತದೆ" ಎಂದು ಇನ್ನೊಬ್ಬರು. ಒಬ್ಬರಂತೂ ಕನ್ಯೂರ್ ಎಂದು ಹದಿನೈದು ಸಾವಿರದ ಹಕ್ಕಿ ತೋರಿಸಿದರು. ಅದರ ಮುಂದೆ ನಿಂತು ಉಸಿರಾಡಲೂ ಭಯವಾಯಿತು.

ಮಾಲೂರು ಹಂಚು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಕಡೆಯ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಎಂದು ಕೊಡುವುದು ಬಹುಪಾಲು ಬಜರಿಗರ್ ಹಕ್ಕಿಯನ್ನು. ಚಿಕ್ಕದಾಗಿ ಬಡ್ಜಿ. ಆಸ್ಟ್ರೇಲಿಯಾದ ಒಣನೆಲದ ಗಿಳಿ ಅದು. ಕಾಡಿನಲ್ಲಿ ಇರುವುದು ಹಸಿರು ಹಳದಿ ಮಾತ್ರ. ನೀಲಿ, ಬಿಳಿ ಎಲ್ಲ ಸಾಕುವವರು ತಳಿ ಮಾಡಿದ್ದು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ; ಅಲ್ಲಿಂದ ಮನೆಮನೆಗೂ ಹಬ್ಬಿತು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 18 ಸೆಂಟಿಮೀಟರ್, ತೂಕ 30ರಿಂದ 40 ಗ್ರಾಂ.

ನಿಜವಾದ ಲವ್ ಬರ್ಡ್ ಬೇರೆ. ಅದು ಆಫ್ರಿಕಾದ್ದು, ಗಿಡ್ಡ ಬಾಲ, ದಪ್ಪ ಕೊಕ್ಕು. ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ತೂಕ 80ರಿಂದ 100 ಗ್ರಾಂ.

ಕಾಗದಪತ್ರದ ವಿಷಯವೂ ಇದೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿ ಇರುವ ವಿದೇಶಿ ಪ್ರಾಣಿಯನ್ನು ಸಾಕುವವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಗಿಳಿ ಜಾತಿಯ ಹೆಚ್ಚಿನವು ಆ ಪಟ್ಟಿಯಲ್ಲಿವೆ, ಕನ್ಯೂರ್ ಸಹ. ಬಡ್ಜಿ, ಕಾಕಟೀಲ್ ಮತ್ತು ಪೀಚ್ ಮುಖದ ಲವ್ ಬರ್ಡ್ ಪಟ್ಟಿಯಿಂದ ಹೊರಗೆ. ಅಂಗಡಿಯಲ್ಲಿ ಲವ್ ಬರ್ಡ್ ನೋಡಿದರೆ ಕಣ್ಣಿನ ಸುತ್ತ ನೋಡಿ. ಸುಣ್ಣ ಬಳಿದಂತೆ ಬಿಳಿ ಬಳೆ ಇದ್ದರೆ ಅದು ಫಿಶರ್ ಎಂಬ ಜಾತಿಯ ಲವ್ ಬರ್ಡ್ ಅಥವಾ ಅದರ ದಾಯಾದಿ, ನೋಂದಣಿ ಬೇಕು. ಬಿಳಿ ಬಳೆ ಇಲ್ಲದಿದ್ದರೆ ಬಹುಪಾಲು ಪೀಚ್ ಮುಖದ್ದು.

ಚಿಂತಾಮಣಿಯ ಪದ್ಮಾ ಅಲ್ಲದವಳು

ಲವ್ ಬರ್ಡ್ ಹೆಸರು ಇಟ್ಟವರು ಅದರ ಜೊತೆ ಒಂದು ಮಧ್ಯಾಹ್ನವೂ ಕಳೆದಿರಲಾರರು. ನಮ್ಮ ಮನೆಯಲ್ಲಿ ಏಳು ವರ್ಷದಿಂದ ಒಂದು ಇದೆ. ನನ್ನ ಕಿವಿಯೋಲೆ ಎರಡು ಸಲ ಬಾಗಿಸಿದೆ, ಯಜಮಾನರ ಅಂಗಿಯ ಗುಂಡಿಗಳನ್ನು ಲೆಕ್ಕ ಹಾಕಿ ಕಿತ್ತಿದೆ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕಿರುಚಲು ಆರಂಭಿಸುತ್ತದೆ. ಮಾತು ಬರುವುದು ಬಹಳ ಅಪರೂಪ. ನನಗೆ ಅದೆಂದರೆ ಪ್ರಾಣ, ಆದರೆ ವಯಸ್ಸಾದವರ ಕೈಗೆ ಕೊಡುವುದಿಲ್ಲ. ಅವರ ಚರ್ಮ ತೆಳುವಾಗಿರುತ್ತದೆ ಅಣ್ಣ, ಒಂದು ಕಚ್ಚಿಗೆ ರಕ್ತ ಬರುತ್ತದೆ.

ನಿವೃತ್ತ ಪಶುವೈದ್ಯ, ಚಿಕ್ಕಬಳ್ಳಾಪುರ

ಯಾವ ಹಕ್ಕಿ ಚೆಂದ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು, ಮನೆಯಲ್ಲಿ ಯಾರು, ಎಷ್ಟು ಹೊತ್ತು ಇರುತ್ತಾರೆ ಎಂದು. ನಿಮ್ಮಲ್ಲಿ ದಿನವಿಡೀ ಒಬ್ಬರು ಇದ್ದಾರೆ, ಮಾತನಾಡಲು ಕಾದಿದ್ದಾರೆ. ಹಕ್ಕಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಮಾತೇ ಮುಖ್ಯವಾದರೆ ಗಂಡು ಬಡ್ಜಿಯ ಮರಿ ತನ್ನಿ. ಗಾತ್ರ ನೋಡಿ ಹಗುರವಾಗಿ ಎಣಿಸಬೇಡಿ. 1995ರ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ 1,728 ಪದ ಆಡುತ್ತಿದ್ದ ಒಂದು ಬಡ್ಜಿಯ ದಾಖಲೆ ಇದೆ. ನಿಮ್ಮದು ಅಷ್ಟು ಆಡುತ್ತದೆ ಎಂದು ನಾನು ಹೇಳಲಿಲ್ಲ. ಕೆಲವು ಒಂದೂ ಆಡುವುದಿಲ್ಲ. ಕಾಕಟೀಲ್ ಸೌಮ್ಯ, ಶಿಳ್ಳೆಯಲ್ಲಿ ನಿಸ್ಸೀಮ, ಆದರೆ ಅದರ ಮೈಯಿಂದ ಪುಡಿ ಉದುರುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಬೇಡ. ಅದು 15–20 ವರ್ಷ ಬದುಕುತ್ತದೆ, ಬಡ್ಜಿ 5ರಿಂದ 10.

ಅಂಗಡಿಯಲ್ಲಿ ಹೋದ ತಕ್ಷಣ ಪಂಜರದ ಹತ್ತಿರ ಹೋಗಬೇಡಿ. ಹತ್ತು ಹೆಜ್ಜೆ ದೂರದಲ್ಲಿ ಹತ್ತು ನಿಮಿಷ ನಿಲ್ಲಿ. ಹತ್ತಿರ ಹೋದರೆ ಕಾಯಿಲೆಯ ಹಕ್ಕಿಯೂ ಚುರುಕಾಗಿ ನಟಿಸುತ್ತದೆ. ದುರ್ಬಲ ಎಂದು ತೋರಿಸಿಕೊಂಡರೆ ಗಿಡುಗನ ಪಾಲು ಎಂಬುದು ಅದರ ರಕ್ತದಲ್ಲಿದೆ. ಹಗಲು ಹೊತ್ತಿನಲ್ಲಿ ಪುಕ್ಕ ಉಬ್ಬಿಸಿ ಮುದುಡಿ ಕುಳಿತಿರುವುದು, ಉಸಿರಿಗೆ ತಕ್ಕಂತೆ ಬಾಲ ಮೇಲೆ ಕೆಳಗೆ ಆಡುವುದು, ಹಿಂಭಾಗಕ್ಕೆ ಹಿಕ್ಕೆ ಅಂಟಿರುವುದು, ಕೊಕ್ಕಿನ ಬುಡದಲ್ಲಿ ಜೇನುಗೂಡಿನಂತೆ ಬೂದಿ ಬಣ್ಣದ ಹಕ್ಕಳೆ, ಇವುಗಳಲ್ಲಿ ಒಂದು ಕಂಡರೂ ವಾಪಸ್ ಬನ್ನಿ. ಪಕ್ಕದ ಹಕ್ಕಿಯನ್ನೂ ತರಬೇಡಿ.

ವಯಸ್ಸು ತಿಳಿಯಲು ಹಣೆ ನೋಡಿ. ಮರಿಯಾದರೆ ಕಪ್ಪು ಗೆರೆಗಳು ಕೊಕ್ಕಿನವರೆಗೆ ಇಳಿದಿರುತ್ತವೆ, ಕಣ್ಣು ಪೂರ್ತಿ ಕಪ್ಪು. ಮೂರು ನಾಲ್ಕು ತಿಂಗಳಿಗೆ ಗರಿ ಬದಲಾದಾಗ ಹಣೆ ಬೋಳಾಗುತ್ತದೆ, ಕ್ರಮೇಣ ಕಣ್ಣಿನಲ್ಲಿ ಬಿಳಿ ಉಂಗುರ ಮೂಡುತ್ತದೆ. ಗಂಡೋ ಹೆಣ್ಣೋ ಎಂದು ತಿಳಿಯಲು ಮೂಗಿನ ಹೊಳ್ಳೆಗಳ ಸುತ್ತಲಿನ ಮೆತ್ತನೆಯ ತೊಗಲನ್ನು ನೋಡಿ. ಬೆಳೆದ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಮರಿಯಲ್ಲಿ ಗಂಡಿಗೆ ಒಂದೇ ಸಮನಾದ ಗುಲಾಬಿ ನೇರಳೆ. ಹೊಳ್ಳೆಯ ಸುತ್ತ ಬಿಳಿ ವೃತ್ತ ಕಂಡರೆ ಹೆಣ್ಣು. "ಕೈಯಲ್ಲಿ ಊಟ ಮಾಡಿಸಿದರೆ ಬೇಗ ಒಗ್ಗುತ್ತದೆ" ಎಂದು ಇನ್ನೂ ಕಾಳು ಒಡೆಯಲು ಬಾರದ ಮರಿ ಕೊಟ್ಟರೆ ಒಪ್ಪಬೇಡಿ. ಬಿಸಿ ಗಂಜಿಗೆ ಗಂಟಲ ಚೀಲ ಸುಟ್ಟುಕೊಂಡು, ಇಲ್ಲವೇ ಗಂಜಿ ಶ್ವಾಸಕೋಶಕ್ಕೆ ಇಳಿದು ಸತ್ತ ಮರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಧುಗಿರಿ ಬಂಡೆ

ಡಾಕ್ಟರರೇ, ಒಂದೇ ಹಕ್ಕಿ ತನ್ನಿ ಎನ್ನುತ್ತೀರಾ? ಗುಂಪಿನಲ್ಲಿ ಬದುಕುವ ಜೀವ. ಒಂಟಿಯಾಗಿ ಇಡುವುದು ಪಾಪ. ಜೋಡಿಯೇ ಇರಬೇಕು.

ನಿವೃತ್ತ ಪಶುವೈದ್ಯ

ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಾದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ, ಎರಡು ಗಂಡು ಇಡಲಿ. ಇಲ್ಲಿ ಅಮ್ಮನವರೇ ಗುಂಪು. ಎರಡಿದ್ದರೆ ಅವು ತಮ್ಮ ಭಾಷೆಯಲ್ಲೇ ಹರಟುತ್ತವೆ, ಕನ್ನಡ ಕಲಿಯುವುದು ಕಷ್ಟ. ಮುಂದೆ ಯಾರೂ ಇಲ್ಲದ ಹೊತ್ತು ಹೆಚ್ಚಾದರೆ ಇನ್ನೊಂದನ್ನು ತರಲಿ. ಹೆಣ್ಣು ಗಂಡು ಇಟ್ಟು ಅಂಗಡಿಯವರು ಕೊಡುವ ಮಣ್ಣಿನ ಕುಡಿಕೆ ಕಟ್ಟಿದರೆ ಮಾತ್ರ ಮೊಟ್ಟೆಯ ಮೇಲೆ ಮೊಟ್ಟೆ. ಹೆಣ್ಣಿನ ಮೈಯಲ್ಲಿನ ಸುಣ್ಣವೆಲ್ಲ ಬಸಿದುಹೋಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುತ್ತದೆ. ಕುಡಿಕೆ ಬೇಡವೇ ಬೇಡ.

ಮಧುಗಿರಿ ಬಂಡೆ

ಅಮ್ಮನವರೇ ಗುಂಪು ಎಂದಿರಲ್ಲ, ಒಪ್ಪಿದೆ. ಪಂಜರದ ಬಗ್ಗೆ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ದುಡ್ಡು ಉಳಿಸಲು ಕೋಳಿ ಗೂಡಿನ ಜಾಲರಿ ತಂದು ನಾನೇ ಪಂಜರ ಹೆಣೆದೆ. ಹೊಸ ಜಾಲರಿ ಥಳಥಳ ಹೊಳೆಯುತ್ತಿತ್ತು. ಹಕ್ಕಿ ದಿನವೂ ಅದನ್ನೇ ಕಚ್ಚುತ್ತಿತ್ತು. ಎರಡು ತಿಂಗಳಿಗೆ ವಾಂತಿ, ತೂಕಡಿಕೆ. ಜಾಲರಿಗೆ ಬಳಿದ ಸತುವು ಹೊಟ್ಟೆಗೆ ಹೋಗಿ ವಿಷವಾಗಿತ್ತು. ಬದುಕಲಿಲ್ಲ. ಪುಡಿಲೇಪನದ (ಪೌಡರ್ ಕೋಟಿಂಗ್) ಪಂಜರ ಅಥವಾ ಸ್ಟೀಲಿನದು ಕೊಳ್ಳಿ. ಎತ್ತರಕ್ಕಿಂತ ಉದ್ದ ಮುಖ್ಯ, ಹಕ್ಕಿ ಹಾರುವುದು ಅಡ್ಡಡ್ಡವಾಗಿ. ಗೋಪುರದಂತಹ ದುಂಡು ಪಂಜರ ನೋಡಲು ಚೆಂದ, ಹಕ್ಕಿಗೆ ಮೂಲೆಯೇ ಸಿಗುವುದಿಲ್ಲ. ಬಡ್ಜಿಗೆ ಕಂಬಿಗಳ ನಡುವೆ ಅರ್ಧ ಇಂಚು ದಾಟಬಾರದು, ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ.

ಕೂರಲು ಪ್ಲಾಸ್ಟಿಕ್ ಕೋಲು ಕೊಟ್ಟಿರುತ್ತಾರೆ, ಬಿಸಾಡಿ. ಸೀಬೆ ಅಥವಾ ಬೇವಿನ ಕೊಂಬೆಯನ್ನು ತೊಳೆದು ಒಣಗಿಸಿ ಹಾಕಿ. ದಪ್ಪ ಸಣ್ಣ ಇದ್ದರೆ ಕಾಲಿಗೆ ಒಳ್ಳೆಯದು, ತೊಗಟೆ ಸುಲಿಯುವುದು ಅದಕ್ಕೆ ದಿನಪೂರ್ತಿ ಕೆಲಸ. ಕಣಗಿಲೆ ಕೊಂಬೆ ಮಾತ್ರ ಅಪ್ಪಿತಪ್ಪಿಯೂ ಬೇಡ, ವಿಷ.

ಶಿಡ್ಲಘಟ್ಟ ಚಂದ್ರಿಕೆ

ನಾನು ಹಕ್ಕಿ ಸಾಕಿಲ್ಲ, ಹುಳು ಸಾಕುತ್ತೇನೆ. ರೇಷ್ಮೆ ಹುಳುವಿನ ಮನೆಯ ಕಟ್ಟುಪಾಡು ಕೇಳಿ: ಸೊಳ್ಳೆ ಬತ್ತಿ ಇಲ್ಲ, ಸೊಳ್ಳೆ ಓಡಿಸುವ ದ್ರವದ ಯಂತ್ರ ಇಲ್ಲ, ಬೀಡಿ ಇಲ್ಲ, ಜಿರಳೆ ಔಷಧಿ ಇಲ್ಲ. ಪಕ್ಕದ ತೋಟದಲ್ಲಿ ಔಷಧಿ ಹೊಡೆದ ದಿನ ಆ ಸೊಪ್ಪನ್ನೂ ತರುವುದಿಲ್ಲ. ನನ್ನ ಭಾಮೈದ ಬಡ್ಜಿ ತಂದಾಗ ಅವನಿಗೂ ಅದನ್ನೇ ಹೇಳಿದೆ. ಹುಳುವಿನ ಮನೆ ಎಂದುಕೊಂಡು ನಡೆಸು ಎಂದೆ, ಮೂರು ವರ್ಷವಾಯಿತು, ಚೆನ್ನಾಗಿದೆ.

ಕೆಜಿಎಫ್ ಹಳಬ

ಶಿಡ್ಲಘಟ್ಟದವರ ಮಾತಿಗೆ ಒಂದು ಸೇರಿಸುತ್ತೇನೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಯನ್ನು ಪಂಜರದಲ್ಲಿಟ್ಟು ಕೆಳಗೆ ಒಯ್ಯುತ್ತಿದ್ದರು, 1986ರವರೆಗೂ. ವಿಷಗಾಳಿಗೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತದೆ. ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿರುವ ಮೈ ಅದು, ಒಳ್ಳೆಯ ಗಾಳಿಯನ್ನೂ ಕೆಟ್ಟ ಗಾಳಿಯನ್ನೂ ನಮಗಿಂತ ಚೆನ್ನಾಗಿ ಹೀರುತ್ತದೆ. ಮೇಲೆ ಯಾರೂ ಹೇಳದ ಒಂದು ಅಪಾಯ ಇದೆ. ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಖಾಲಿ ಕಾಯಲು ಬಿಟ್ಟು ಫೋನಿಗೆ ಹೋದರೆ ಅದರ ಲೇಪನದಿಂದ ಹೊಗೆ ಏಳುತ್ತದೆ. ನಮಗೆ ವಾಸನೆಯೂ ಗೊತ್ತಾಗದಿರಬಹುದು, ಪಕ್ಕದ ಕೋಣೆಯ ಹಕ್ಕಿ ನಿಮಿಷಗಳಲ್ಲಿ ಸತ್ತಿರುತ್ತದೆ. ನಮ್ಮ ಅತ್ತಿಗೆಯ ಮನೆಯಲ್ಲಿ ಹೀಗೆಯೇ ಆಯಿತು. ದೋಸೆಗೆ ಕಬ್ಬಿಣದ ಹೆಂಚೇ ಇರಲಿ, ರುಚಿಯೂ ಅದರದೇ.

ಗುಬ್ಬಿಗೇಟ್ ನಿವಾಸಿ

ಊದುಬತ್ತಿ? ಅಮ್ಮ ಎರಡು ಹೊತ್ತೂ ಹಚ್ಚುತ್ತಾರೆ. ಶುಕ್ರವಾರ ಸಾಂಬ್ರಾಣಿ ಬೇರೆ.

ಕೆಜಿಎಫ್ ಹಳಬ

ತುಳಸಿಕಟ್ಟೆಯ ಬಳಿ ಹಚ್ಚಲಿ. ದೇವರಿಗೆ ಅಲ್ಲಿಂದಲೂ ತಲುಪುತ್ತದೆ.

ಅಂತರಗಂಗೆ

ಎಲ್ಲರೂ ಪಂಜರದ ಅಳತೆ ಹೇಳುತ್ತಿದ್ದೀರಿ. ರೆಕ್ಕೆ ಇರುವುದನ್ನು ಕೂಡಿಹಾಕುವುದೇ ತಪ್ಪು ಎಂದು ಒಬ್ಬರಿಗೂ ಅನಿಸಲಿಲ್ಲವೇ? ಕೊಂಡು ತಂದು ಬಿಟ್ಟುಬಿಡಿ, ಪುಣ್ಯ ಬರುತ್ತದೆ.

ತಿಪಟೂರು ತೋಟದವನು

ಬಡ್ಜಿಯನ್ನು ಇಲ್ಲಿ ಬಿಟ್ಟರೆ ಪುಣ್ಯ ಬರುವುದು ಕಾಗೆಗೆ. ಮೊಟ್ಟೆಯಿಂದ ಹೊರಬಂದಾಗಿನಿಂದ ಬಟ್ಟಲಿನಲ್ಲಿ ತಿಂದ ಹಕ್ಕಿ ಅದು, ನೀರು ಎಲ್ಲಿದೆ ಎಂದೂ ತಿಳಿಯದು. ಆದರೆ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ದಿನವೂ ಒಂದೆರಡು ಗಂಟೆ ಕೋಣೆಯಲ್ಲಿ ಹಾರಲು ಬಿಡಬೇಕು. ಹಾಗೆಯೇ ಅಮ್ಮನವರಿಗೆ ಹಸಿರು ಗಿಳಿಯೂ ಬೇಕಲ್ಲ, ತಾರಸಿ ಇದೆಯಲ್ಲ. ಎರಡು ಸಜ್ಜೆ ತೆನೆ ಕಟ್ಟಿ, ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಡಿ. ಅವೇ ಬರುತ್ತವೆ. ನಾವು ಓಡಿಸಿದರೂ ಬರುತ್ತವೆ, ನೀವು ಕರೆದರೆ ಬಾರದಿರುತ್ತವೆಯೇ.

ಚಿಂತಾಮಣಿಯ ಪದ್ಮಾ ಅಲ್ಲದವಳು

ಹಾರಲು ಬಿಡುವ ಮೊದಲು ಫ್ಯಾನ್ ಆರಿಸಿ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ನಮ್ಮ ಮೊದಲನೆಯ ಹಕ್ಕಿ ಹೋದದ್ದು ಹಾಗೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಪಾವಗಡ ನವಣೆ

ಊಟದ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ಅಂಗಡಿಯಲ್ಲಿ ಹಕ್ಕಿಕಾಳು ಎಂದು ಕಿಲೋಗೆ ಮನಬಂದ ಬೆಲೆಗೆ ಕೊಡುವುದರಲ್ಲಿ ಹೆಚ್ಚಿನದು ನಮ್ಮ ನವಣೆಯೇ. ತೊಗಟೆ ಸಹಿತ ನವಣೆ ತನ್ನಿ, ಪಾಲಿಷ್ ಮಾಡಿದ ನವಣೆ ಅಕ್ಕಿ ಬೇಡ. ಸಿಕ್ಕಿದರೆ ಇಡೀ ತೆನೆ ತನ್ನಿ. ಪೇಟೆಯಲ್ಲಿ ಅದನ್ನು ಪ್ಯಾಕೆಟ್ ಮಾಡಿ ವಿದೇಶಿ ಹೆಸರಿಟ್ಟು ಮಾರುತ್ತಾರೆ. ಜೊತೆಗೆ ಸಾಮೆ, ಸ್ವಲ್ಪ ಸಜ್ಜೆ, ರಾಗಿ. ಸೂರ್ಯಕಾಂತಿ ಬೀಜ ಕೊಬ್ಬು, ನಮಗೆ ಬೋಂಡಾ ಇದ್ದ ಹಾಗೆ, ಬಹುಮಾನಕ್ಕೆ ಮಾತ್ರ.

ಬರೀ ಕಾಳು ಹಾಕಿದರೆ ಎ ಜೀವಸತ್ವ, ಅಯೋಡಿನ್, ಸುಣ್ಣದ ಅಂಶ ಕೊರತೆಯಾಗುತ್ತದೆ. ದಿನವೂ ಸೊಪ್ಪು ಬೇಕು. ನುಗ್ಗೆ ಸೊಪ್ಪಿಗೆ ಸಮನಾದದ್ದಿಲ್ಲ. ಕೊತ್ತಂಬರಿ, ದಂಟು, ಮೆಂತ್ಯ, ತುರಿದ ಕ್ಯಾರೆಟ್ ಎಲ್ಲ ಆಗುತ್ತದೆ. ಚೆನ್ನಾಗಿ ತೊಳೆದು ಒದ್ದೆಯಾಗಿಯೇ ಕೊಡಿ, ಬಡ್ಜಿ ಒದ್ದೆ ಸೊಪ್ಪಿನಲ್ಲಿ ಹೊರಳಾಡಿ ಸ್ನಾನವನ್ನೂ ಮುಗಿಸುತ್ತದೆ. ಸುಣ್ಣಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಕೇಳಿ, ಕಪ್ಪೆಬೊಂಡಾಸ ಎಂಬ ಕಡಲ ಜೀವಿಯ ಒಳಗಿನ ಚಿಪ್ಪು ಅದು. ಪಂಜರಕ್ಕೆ ಕಟ್ಟಿದರೆ ಕೊಕ್ಕನ್ನೂ ಮಸೆದುಕೊಳ್ಳುತ್ತದೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಉಪ್ಪು ಹಾಕಿದ ತಿಂಡಿ ಯಾವುದೂ ಬೇಡ. ಹಸಿಮೆಣಸಿನಕಾಯಿ ಧಾರಾಳ ಕೊಡಿ, ಖಾರ ಹಕ್ಕಿಗಳ ನಾಲಿಗೆಗೆ ತಾಗುವುದೇ ಇಲ್ಲ.

ಗುಬ್ಬಿಗೇಟ್ ನಿವಾಸಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ನೀಲಿ ಬಣ್ಣದ ಗಂಡು ಬಡ್ಜಿ ಬಂದಿದೆ. ಹಣೆಯ ಗೆರೆ ಕೊಕ್ಕಿನವರೆಗೂ ಇವೆ. ಅಮ್ಮ ಮೊದಲು ನೋಡಿ "ಇದು ಗಿಳಿಯೇ? ಚೋಟುದ್ದವೂ ಇಲ್ಲ" ಎಂದರು. ಆ ಕ್ಷಣದಿಂದ ಅದರ ಹೆಸರು ಚೋಟಪ್ಪ.

ಮೊದಲ ನಾಲ್ಕು ದಿನ ಮೂಲೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ನಾವು ಯಾರೂ ಕೈ ಹಾಕಲಿಲ್ಲ. ಅಮ್ಮ ಪಂಜರದ ಪಕ್ಕ ಮೊಣಕಾಲೂರಿ ಕುಳಿತು ಅವರೆಕಾಯಿ ಸುಲಿಯುತ್ತ ಅವರ ಪಾಡಿಗೆ ಮಾತನಾಡುತ್ತಿದ್ದರು. ಐದನೆಯ ದಿನ ಅದು ಕಂಬಿಯ ಹತ್ತಿರ ಬಂದು ಅವರ ಬೆರಳನ್ನೇ ನೋಡುತ್ತಿತ್ತು. ಎರಡನೆಯ ವಾರದಲ್ಲಿ ಮಗಳು ನವಣೆ ತೆನೆಯನ್ನು ಕಂಬಿಯ ಸಂದಿಯಲ್ಲಿ ಹಿಡಿದಳು. ಮೊದಲು ಉದ್ದನೆಯ ತುದಿಯಿಂದ, ದಿನದಿನಕ್ಕೆ ಹಿಡಿತ ಮುಂದೆ ಮುಂದೆ ಸರಿಸಿಕೊಂಡು. ನಿನ್ನೆ ತೆನೆ ತಿನ್ನಲು ಅವಳ ಬೆರಳಿನ ಮೇಲೆ ಒಂದು ಕಾಲು ಇಟ್ಟಿತು. ಅವಳು ಉಸಿರು ಹಿಡಿದು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಎರಡನೆಯ ಕಾಲನ್ನು ಇಡಲಿಲ್ಲ.

ಕೋಲಾರದ ಮೇಷ್ಟ್ರು

ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು. ಧಾರಾವಾಹಿ ನಡೆಯುವ ಕೋಣೆಯಲ್ಲಿ ಇಡಬೇಡಿ. ಬೇಸಿಗೆಯಲ್ಲಿ ಬಾಯಿ ತೆರೆದು ರೆಕ್ಕೆ ದೂರ ಹಿಡಿದರೆ ಸೆಕೆ ಎಂದು ಅರ್ಥ. ಅಡುಗೆಮನೆಯ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ತೂಕ ಬರೆದಿಡಿ.

ಗುಬ್ಬಿಗೇಟ್ ನಿವಾಸಿ

ತುರ್ತು. ದಯವಿಟ್ಟು ಯಾರಾದರೂ ಇದ್ದರೆ ಉತ್ತರಿಸಿ. ಚೋಟಪ್ಪ ಪಂಜರದ ತಳದಲ್ಲಿ ಉಬ್ಬಿಕೊಂಡು ಕುಳಿತಿದ್ದಾನೆ. ಹಿಕ್ಕೆ ಕಡುಹಸಿರು, ನೀರು ನೀರು. ಹೋದ ವಾರ 36 ಗ್ರಾಂ ಇತ್ತು, ಈಗ 31. ಇಲ್ಲಿ ಒಬ್ಬ ವೈದ್ಯರಿಗೆ ಫೋನ್ ಮಾಡಿದರೆ "ಕೋಳಿಯಾದರೆ ನೋಡುತ್ತೇನೆ, ಇದು ನನಗೆ ಗೊತ್ತಿಲ್ಲ" ಎಂದರು.

ನಿವೃತ್ತ ಪಶುವೈದ್ಯ

ಪಂಜರದ ಮೂರು ಬದಿ ಬಟ್ಟೆ ಮುಚ್ಚಿ. ಒಂದು ಕಡೆ ಹೊರಗಿನಿಂದ 40 ವಾಟ್ ಹಳೆಯ ಬಲ್ಬ್ ಹಚ್ಚಿ, ಬೇಡವೆನಿಸಿದರೆ ಹಕ್ಕಿ ಇನ್ನೊಂದು ಕಡೆಗೆ ಸರಿಯಲು ಜಾಗ ಇರಲಿ. ಮಾಡಿದಿರಾ? ಈಗ ಹೇಳಿ, ಕಾಳಿನ ಬಟ್ಟಲು ಹೇಗಿದೆ?

ಗುಬ್ಬಿಗೇಟ್ ನಿವಾಸಿ

ಬಟ್ಟಲು ತುಂಬಿದೆ. ತಿನ್ನುತ್ತಲೇ ಇಲ್ಲ ಎನಿಸುತ್ತದೆ.

ನಿವೃತ್ತ ಪಶುವೈದ್ಯ

ಬಟ್ಟಲನ್ನು ಹೊರಗೆ ತೆಗೆದು ಒಮ್ಮೆ ಜೋರಾಗಿ ಊದಿ.

ಗುಬ್ಬಿಗೇಟ್ ನಿವಾಸಿ

ಊದಿದೆ. ಎಲ್ಲ ಹಾರಿಹೋಯಿತು. ತಳದಲ್ಲಿ ಹತ್ತು ಕಾಳೂ ಇಲ್ಲ.

ನಿವೃತ್ತ ಪಶುವೈದ್ಯ

ಅವನಿಗೆ ಕಾಯಿಲೆ ಅಲ್ಲ, ಹಸಿವು. ಬಡ್ಜಿ ಕಾಳಿನ ಸಿಪ್ಪೆಯನ್ನು ಬಟ್ಟಲಿನಲ್ಲೇ ಬಿಟ್ಟು ತಿರುಳು ಮಾತ್ರ ತಿನ್ನುತ್ತದೆ. ಹೊಟ್ಟೆ ಖಾಲಿಯಾದರೆ ಪಿತ್ತ ಮಾತ್ರ ಇಳಿದು ಹಿಕ್ಕೆ ಹಸಿರಾಗುತ್ತದೆ. ಈಗಲೇ ಹೊಸ ನವಣೆ ಹಾಕಿ, ತಳದಲ್ಲೂ ಅವನ ಮುಂದೆ ಹರಡಿ, ತೆನೆಯನ್ನು ಕೊಕ್ಕಿಗೆ ಸಿಗುವಂತೆ ಇಡಿ. ಒಂದು ಗಂಟೆಯಲ್ಲಿ ತಿನ್ನಲು ಆರಂಭಿಸದಿದ್ದರೆ ರಾತ್ರಿಯೆಂದು ನೋಡಬೇಡಿ, ಬೆಂಗಳೂರಿಗೆ ಹೊರಡಿ. ಹಕ್ಕಿಗಳನ್ನೇ ನೋಡುವ ವೈದ್ಯರು ಅಲ್ಲಿ ಇದ್ದಾರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ಗುಬ್ಬಿಗೇಟ್ ನಿವಾಸಿ

ರಾತ್ರಿ ಹನ್ನೊಂದೂವರೆ. ತಿನ್ನುತ್ತಿದ್ದಾನೆ. ತಲೆ ಎತ್ತದೆ ತಿನ್ನುತ್ತಿದ್ದಾನೆ.

ಬಟ್ಟಲು ಬದಲಾಯಿಸುವುದು ಮಗಳ ಕೆಲಸ. ಅವಳು ಮೂರು ದಿನ ಶಿರಾಕ್ಕೆ ಮದುವೆಗೆ ಹೋಗಿದ್ದಳು. ಅಮ್ಮ ದಿನವೂ ನೋಡಿ "ತುಂಬಿದೆ" ಎಂದು ಬಿಟ್ಟಿದ್ದಾರೆ. ನಾನೂ ನೋಡಿದ್ದೆ, ನನಗೂ ತುಂಬಿದಂತೆಯೇ ಕಂಡಿತ್ತು. ವಿಷಯ ತಿಳಿದ ಮೇಲೆ ಅಮ್ಮ ಮಾತನಾಡಲಿಲ್ಲ. ಅಟ್ಟದ ಮೇಲಿದ್ದ ಚಿಕ್ಕ ಮೊರವನ್ನು ಇಳಿಸಿ, ಒರೆಸಿ, ಪಂಜರದ ಪಕ್ಕದ ಮೊಳೆಗೆ ನೇತುಹಾಕಿದರು. "ಜೀವಮಾನವೆಲ್ಲ ಕೇರಿದವಳಿಗೆ ಹೊಟ್ಟು ಯಾವುದು, ಕಾಳು ಯಾವುದು ತಿಳಿಯಲಿಲ್ಲ" ಎಂದು ಅಷ್ಟೇ ಹೇಳಿ ಮಲಗಿದರು.

ಪಾವಗಡ ನವಣೆ

ಅವರನ್ನು ಏನೂ ಅನ್ನಬೇಡಿ. ನವಣೆಯ ಸಿಪ್ಪೆ ಕಾಳಿನಷ್ಟೇ ಹೊಳೆಯುತ್ತದೆ. ಬೆಳೆಯುವ ನಾವೇ ಕಣ್ಣಿನಲ್ಲಿ ನಂಬುವುದಿಲ್ಲ, ಅಂಗೈಯಲ್ಲಿ ಉಜ್ಜಿ ಊದುತ್ತೇವೆ.

ಗುಬ್ಬಿಗೇಟ್ ನಿವಾಸಿ

ಇಂದು ಬೆಳಿಗ್ಗೆ 35 ಗ್ರಾಂ. ಅಮ್ಮ ದಿನಕ್ಕೆ ಎರಡು ಸಲ ಬಟ್ಟಲನ್ನು ಮೊರಕ್ಕೆ ಸುರಿದು ಕೇರುತ್ತಾರೆ. ಮೊರದ ಸದ್ದು ಕೇಳಿದ ಕೂಡಲೇ ಚೋಟಪ್ಪ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಅಂತರಗಂಗೆ

ಮಾತು ಬಂತೇ?

ಗುಬ್ಬಿಗೇಟ್ ನಿವಾಸಿ

ನಾಲ್ಕು ತಿಂಗಳಾದ ಮೇಲೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ, ಕ್ಷಮಿಸಿ. ಅಮ್ಮ ದಿನವೂ ಬೆಳಿಗ್ಗೆ ಮನೆ ಖಾಲಿಯಾದ ಮೇಲೆ "ನೆಂಟರು ಬಂದರು, ಮಣೆ ಹಾಕು" ಎಂದು ಪಾಠ ಹೇಳುತ್ತಿದ್ದರು. ಮೂರು ತಿಂಗಳು ಬರೀ ಗೊಣಗು. ಸಂಜೆ ಪಂಜರಕ್ಕೆ ಬಟ್ಟೆ ಮುಚ್ಚುವ ಹೊತ್ತಿಗೆ ಒಳಗೊಳಗೇ ಏನೋ ಮಥಿಸುತ್ತಿದ್ದ. ಹೋದ ಭಾನುವಾರ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು. ಹಳೆಯ ಕ್ಯಾಸೆಟ್ಟನ್ನು ವೇಗವಾಗಿ ಓಡಿಸಿದ ದನಿಯಲ್ಲಿ "ಬಂದರು ಬಂದರು ಬಂದರು". ಮಣೆಯ ಭಾಗ ಕಲಿತಿಲ್ಲ. ಯಾರು ಬಂದರೂ ಹೇಳುವುದಿಲ್ಲ, ಯಾರೂ ಬಾರದಾಗ ಹೇಳುತ್ತಾನೆ. ಅಮ್ಮ ಅಡುಗೆಮನೆಯಿಂದಲೇ "ಯಾರೋ? ಕೂರಿಸು" ಎನ್ನುತ್ತಾರೆ.

ತಿಪಟೂರಿನವರು ಹೇಳಿದ ಸಜ್ಜೆ ತೆನೆಯೂ ಫಲಿಸಿದೆ. ಹನ್ನೊಂದು ದಿನ ಅಳಿಲು ಮಾತ್ರ ಬಂತು. ಈಗ ಬೆಳಿಗ್ಗೆ ಏಳಕ್ಕೆ ನಾಲ್ಕು ಹಸಿರು ಗಿಳಿ ಬರುತ್ತವೆ, ಒಂದಕ್ಕೆ ಕೊರಳ ಪಟ್ಟಿ ಇದೆ. ಅಮ್ಮ ಮೇಲಿನಿಂದ ನಾಲ್ಕನೆಯ ಮೆಟ್ಟಿಲಲ್ಲೇ ನಿಂತು ನೋಡುತ್ತಾರೆ, ಮೇಲೆ ಹೋಗುವುದಿಲ್ಲ.

ನಿವೃತ್ತ ಪಶುವೈದ್ಯ

ಬಹಳ ಸಂತೋಷ. ಚೋಟಪ್ಪನ ಪಂಜರವನ್ನು ಮಾತ್ರ ತಾರಸಿಗೆ ಒಯ್ಯಬೇಡಿ. ಕಾಡು ಹಕ್ಕಿಗಳ ಹಿಕ್ಕೆಯಿಂದ ರೋಗ ಇಳಿಯುತ್ತದೆ. ಪಂಜರ ತೊಳೆಯುವಾಗ ಒಣ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸದೆ ಮೊದಲು ನೀರು ಚಿಮುಕಿಸಿ. ಆ ಧೂಳಿನಿಂದ ಮನುಷ್ಯರಿಗೂ ಜ್ವರ, ಕೆಮ್ಮು ಬರುವುದುಂಟು. ಬಂದರೆ ವೈದ್ಯರಿಗೆ ಮನೆಯಲ್ಲಿ ಗಿಳಿ ಇದೆ ಎಂದು ಮರೆಯದೆ ಹೇಳಿ.

ಗುಬ್ಬಿಗೇಟ್ ನಿವಾಸಿ

ಒಂದು ಕೊನೆಯ ಪ್ರಶ್ನೆ. ದಸರಾ ರಜೆಗೆ ಐದು ದಿನ ಊರಿಗೆ ಹೋಗಬೇಕು. ಅಮ್ಮ ಇವನನ್ನು ಬಿಟ್ಟು ಬರುವುದಿಲ್ಲ ಎನ್ನುತ್ತಿದ್ದಾರೆ. ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದೇ?

ಕ್ಯಾತ್ಸಂದ್ರ ರೈಲು ಗೇಟು

ಇಷ್ಟು ದಿನ ಓದುತ್ತ ಮಾತ್ರ ಇದ್ದೆ. ಬಸ್ಸು ಬೇಡ, ಗಾಳಿ, ಸದ್ದು, ಕುಲುಕಾಟಕ್ಕೆ ಹೆದರುತ್ತಾನೆ. ನಮ್ಮ ಮನೆಯಲ್ಲಿ ಬಿಡಿ. ನಿವೃತ್ತರಾದ ಗಂಡ ಹೆಂಡತಿ ಇಬ್ಬರೇ ಇದ್ದೇವೆ, ಬೆಕ್ಕಿಲ್ಲ, ಊದುಬತ್ತಿ ಹೊರಗೇ ಹಚ್ಚುತ್ತೇವೆ. ನವಣೆ ನೀವೇ ತನ್ನಿ. ಮೊರ ನಮ್ಮಲ್ಲಿದೆ.